ಹಕ್ಕಿಗಳ ಮೂತ್ರಪಿಂಡ ರೋಗ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆ

ಹಕ್ಕಿಗಳ ಮೂತ್ರಪಿಂಡ ರೋಗ: ರಕ್ತದಲ್ಲಿರುವ ಯೂರಿಕ್ ಆಮ್ಲವನ್ನು ಹೊರಹಾಕುವ ಶಕ್ತಿಯನ್ನು ಮೂತ್ರಪಿಂಡಗಳು ಕಳೆದುಕೊಂಡಾಗ ಕಾಣಿಸುವ ಕಾಯಿಲೆಗಳ ಗುಂಪು. ಔಷಧ, ಸೀಸದಂಥ ಲೋಹ, ಬೂಷ್ಟು ಹಿಡಿದ ಆಹಾರ, ವೈರಸ್, ನೀರಿನ ಕೊರತೆ ಇವೆಲ್ಲ ಇದಕ್ಕೆ ಕಾರಣವಾಗುತ್ತವೆ. ಕೋಳಿ ಸಾಕುವವರಿಗೆ ಈ ರೋಗ ಹಳೆಯ ಪರಿಚಯ. ಅಳಿವಿನಂಚಿನ ಹಕ್ಕಿಗಳ ವಿಷಯದಲ್ಲಿ ಅದು ಜಗತ್ತಿನ ಗಮನ ಸೆಳೆದದ್ದು ರಣಹದ್ದುಗಳಿಂದ. ತುಮಕೂರು ಜಿಲ್ಲೆಯ ಬಡಗಣ ಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ರಣಹದ್ದಿಗೆ ಬೇಕಾದ ಕಡಿದಾದ ಬಂಡೆಬೆಟ್ಟಗಳಿವೆ, ಅದರ ಮೇವಾದ ಕುರಿ-ದನಗಳೂ ಇವೆ. ರಣಹದ್ದನ್ನು ಕೊಂದ ಮದ್ದು ಹಕ್ಕಿಯ ಹೊಟ್ಟೆ ಸೇರಿದ್ದು ಇಂಥ ಕುರಿ-ದನಗಳ ಮೈಯಿಂದಲೇ.

ಹಕ್ಕಿಗೆ ಮೂತ್ರಕೋಶವಿಲ್ಲ. ಬೆನ್ನೆಲುಬಿನ ಕೆಳಗೆ, ಸೊಂಟದ ಮೂಳೆಯ ಗುಳಿಗಳಲ್ಲಿ ಎರಡೂ ಕಡೆ ಮೂರು ಮೂರು ಹಾಲೆಗಳ ಮೂತ್ರಪಿಂಡಗಳು ಅಂಟಿಕೊಂಡಂತೆ ಕೂತಿರುತ್ತವೆ. ನಾವು ಯೂರಿಯಾ ರೂಪದಲ್ಲಿ ಹೊರಹಾಕುವ ಸಾರಜನಕದ ಕಸವನ್ನು ಹಕ್ಕಿಗಳು ಯೂರಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಹಿಕ್ಕೆಯಲ್ಲಿ ಕಾಣುವ ಬಿಳಿಯ ಭಾಗ ಅದೇ. ಇದಕ್ಕೆ ನೀರು ಬಹಳ ಕಡಿಮೆ ಸಾಕು, ಒಣಸೀಮೆಯಲ್ಲಿ ಬದುಕಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇರಲಾರದು. ಆದರೆ ಯೂರಿಕ್ ಆಮ್ಲ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮೂತ್ರಪಿಂಡದ ನಳಿಕೆಗಳು ಅದನ್ನು ರಕ್ತದಿಂದ ಎಳೆದು ಹೊರಗೆ ತಳ್ಳುತ್ತಲೇ ಇರಬೇಕು. ಆ ಕೆಲಸ ನಿಂತರೆ ಯೂರಿಕ್ ಆಮ್ಲ ರಕ್ತದಲ್ಲಿ ಏರಿ, ಸಿಕ್ಕ ಅಂಗದ ಮೇಲೆಲ್ಲ ಹರಳುಗಟ್ಟುತ್ತದೆ. ಇದಕ್ಕೆ ಒಳಾಂಗಗಳ ಗೌಟ್ ಎನ್ನುತ್ತಾರೆ. ಸತ್ತ ಹಕ್ಕಿಯ ಎದೆ ಬಿಚ್ಚಿದರೆ ಹೃದಯದ ಪೊರೆ, ಯಕೃತ್ತು, ಗುಲ್ಮಗಳ ಮೇಲೆ ಸುಣ್ಣ ಬಳಿದಂತೆ ಬೆಳ್ಳನೆಯ ಲೇಪ. ಮೂತ್ರಪಿಂಡಗಳು ಊದಿಕೊಂಡು ಪೇಲವವಾಗಿ, ಒಳಗೆಲ್ಲ ಬಿಳಿ ಗೆರೆ. ಒಮ್ಮೆ ಕಂಡವರು ಮರೆಯುವ ನೋಟವಲ್ಲ.

1990ರ ದಶಕದಲ್ಲಿ ಭರತಪುರದ ಕೇವಲಾದೇವ ಉದ್ಯಾನದಲ್ಲಿ ರಣಹದ್ದುಗಳು ಸಾಲುಸಾಲಾಗಿ ಇಲ್ಲವಾಗುತ್ತಿರುವುದನ್ನು ಪಕ್ಷಿತಜ್ಞ ವಿಭು ಪ್ರಕಾಶ್ ಗುರುತಿಸಿದರು. ಮೊದಲು ಎಲ್ಲರೂ ಶಂಕಿಸಿದ್ದು ವೈರಸ್ಸನ್ನು. ಉತ್ತರ ಸಿಕ್ಕಿದ್ದು ಪಾಕಿಸ್ತಾನದ ಪಂಜಾಬಿನಲ್ಲಿ. ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪರೀಕ್ಷಿಸಿದ 259 ಬಿಳಿಬೆನ್ನಿನ ರಣಹದ್ದುಗಳ ಪೈಕಿ ಶೇ. 85ರಲ್ಲಿ ಒಳಾಂಗಗಳ ಗೌಟ್ ಇತ್ತು. ಮೂತ್ರಪಿಂಡ ಕೆಟ್ಟು ಸತ್ತ 25 ಹಕ್ಕಿಗಳ ಅಂಗಾಂಶ ಪರೀಕ್ಷಿಸಿದಾಗ 25ರಲ್ಲೂ ಡೈಕ್ಲೋಫೆನಾಕ್ ಸಿಕ್ಕಿತು. ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. ಮಂಡಿನೋವಿಗೆ ನಾವು ನುಂಗುವ, ಜ್ವರ ಬಂದ, ಕುಂಟುವ ದನಕ್ಕೆ ಚುಚ್ಚುತ್ತಿದ್ದ ಅದೇ ಮದ್ದು.

ಈ ವಿಷದ ಪ್ರಮಾಣ ನೋಡಬೇಕು. ರಣಹದ್ದಿನ ಒಂದು ಕಿಲೋ ತೂಕಕ್ಕೆ 0.1ರಿಂದ 0.2 ಮಿಲಿಗ್ರಾಂ ಡೈಕ್ಲೋಫೆನಾಕ್ ಹೋದರೆ, ತಿಂದವುಗಳಲ್ಲಿ ಅರ್ಧದಷ್ಟು ಸಾಯುತ್ತವೆ. ಐದು ಕಿಲೋ ತೂಗುವ ಹಕ್ಕಿಗೆ ಒಂದು ಮಿಲಿಗ್ರಾಂ ಸಾಕು. ಔಷಧಿ ಅಂಗಡಿಯ ಮಾತ್ರೆಯೊಂದರಲ್ಲಿ 50 ಮಿಲಿಗ್ರಾಂ ಇರುತ್ತದೆ. ಮದ್ದು ನಳಿಕೆಗಳ ಜೀವಕೋಶಗಳನ್ನು ಕೊಂದು, ಯೂರಿಕ್ ಆಮ್ಲ ಸಾಗಿಸುವ ವ್ಯವಸ್ಥೆಯನ್ನೇ ನಿಲ್ಲಿಸುತ್ತದೆ. ಹಕ್ಕಿ ಎರಡು ದಿನದ ಆಸುಪಾಸಿನಲ್ಲಿ ಸಾಯುತ್ತದೆ. ಎಲ್ಲ ಹಕ್ಕಿಗೂ ಹೀಗಾಗುವುದಿಲ್ಲ ಎಂಬುದು ವಿಚಿತ್ರ. ಅಮೆರಿಕದ ಟರ್ಕಿ ರಣಹದ್ದಿಗೆ ಕಿಲೋಗೆ 25 ಮಿಲಿಗ್ರಾಂ ಕೊಟ್ಟರೂ ಏನೂ ಆಗಲಿಲ್ಲ. ಹೆಸರು ಒಂದೇ ಆದರೂ ನಮ್ಮ ರಣಹದ್ದಿಗೂ ಅದಕ್ಕೂ ನೆಂಟಸ್ತಿಕೆ ದೂರದ್ದು.

ಒಂದು ಹೆಣದ ಸುತ್ತ ಹತ್ತಾರು ರಣಹದ್ದು ಇಳಿಯುವುದರಿಂದ, ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಪೂರಿತವಾಗಿದ್ದರೂ ಸಂತತಿ ಕುಸಿಯುತ್ತದೆ ಎಂದು ಲೆಕ್ಕಾಚಾರಗಳು ತೋರಿಸಿದವು. 1992ರಿಂದ 2007ರ ನಡುವೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು ಶೇ. 99.9ರಷ್ಟು, ಉದ್ದಕೊಕ್ಕಿನ ರಣಹದ್ದು ಸುಮಾರು ಶೇ. 97ರಷ್ಟು ಇಳಿದವು.

ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುವುದು ಬಂಡೆಯ ಚಾಚುಗಳಲ್ಲಿ. ಬಿಳಿಬೆನ್ನಿನದಲ್ಲದ, ಬಿಳಿ ರಣಹದ್ದು ಎಂಬ ಇನ್ನೊಂದು ಜಾತಿಗೂ ಬಂಡೆಯೇ ಇಷ್ಟ. ಮಧುಗಿರಿಯ ಏಕಶಿಲಾ ಬೆಟ್ಟ, ಮಿಡಿಗೇಶಿ, ಚನ್ನರಾಯನದುರ್ಗ, ಸಿದ್ದರಬೆಟ್ಟ, ನಿಡಗಲ್ಲು, ಪಾವಗಡದ ಕೋಟೆ ಬೆಟ್ಟ ಇವೆಲ್ಲ ಈ ಸೀಮೆಯ ಅಂಥದೇ ಬಂಡೆಬೆಟ್ಟಗಳು. ರಾಜ್ಯದಲ್ಲಿ ರಣಹದ್ದಿಗೆಂದೇ 2012ರಲ್ಲಿ ಘೋಷಣೆಯಾದ ರಾಮನಗರದ ರಾಮದೇವರಬೆಟ್ಟ ವನ್ಯಧಾಮ ಕೊರಟಗೆರೆಗೆ ನೇರ ಗೆರೆಯಲ್ಲಿ ಸುಮಾರು 85 ಕಿಲೋಮೀಟರು. ಮೇವು ಹುಡುಕುತ್ತ ರಣಹದ್ದುಗಳು ದಿನಕ್ಕೆ ನೂರು ಕಿಲೋಮೀಟರು ಮೀರಿ ತೇಲಬಲ್ಲವು. ಹಾಗಾಗಿ ವನ್ಯಧಾಮದ 346 ಹೆಕ್ಟೇರುಗಳ ಬೇಲಿ ಹಕ್ಕಿಯ ಗೂಡನ್ನು ಕಾಯುತ್ತದೆಯೇ ಹೊರತು ಊಟವನ್ನಲ್ಲ. ಊಟ ಇರುವುದು ಊರಾಚೆ ಎಳೆದು ಹಾಕಿದ ಎಮ್ಮೆ, ಎತ್ತು, ಕುರಿಗಳಲ್ಲಿ. ಶಿರಾ, ಪಾವಗಡದ ಕಾಡುಗೊಲ್ಲರ, ಕುರುಬರ ಮಂದೆಗಳಲ್ಲಿ ಕುರಿ ಕುಂಟಿದರೆ, ಹಸುವಿಗೆ ಕೆಚ್ಚಲುಬಾವು ಬಂದರೆ ಯಾವ ಸೂಜಿ ಚುಚ್ಚುತ್ತಾರೆ ಎಂಬುದರ ಮೇಲೆ ದೂರದ ಬೆಟ್ಟದ ಹಕ್ಕಿಯ ಆಯಸ್ಸು ನಿಂತಿದೆ.

ಭಾರತ ಸರ್ಕಾರ 2006ರಲ್ಲಿ ಪಶುಗಳಿಗೆಂದು ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಷೇಧಿಸಿತು. ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಸಾಗುತ್ತಿದ್ದುದರಿಂದ 2015ರಲ್ಲಿ ಚುಚ್ಚುಮದ್ದಿನ ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಲಾಯಿತು. ದೊಡ್ಡ ಎತ್ತಿಗೆ ಇಂಥ ಬಾಟಲಿ ಹಲವು ಬೇಕು. ತಡೆ ಇರುವುದು ಆ ರಗಳೆಯಲ್ಲೇ, ಮತ್ತು ನನ್ನ ದೃಷ್ಟಿಯಲ್ಲಿ ಕಾಗದದ ನಿಷೇಧಕ್ಕಿಂತ ಜಾಣತನದ ಕ್ರಮ ಅದು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಕೂಡ ಪಶುಬಳಕೆಯಿಂದ ಹೋದವು. ಅಸಿಕ್ಲೋಫೆನಾಕ್ ದನದ ಮೈಯೊಳಗೆ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಬದಲಿ ಮದ್ದುಗಳಿಗೆ ಕೊರತೆಯಿಲ್ಲ: ಮೆಲಾಕ್ಸಿಕಾಮ್ ಮತ್ತು ಟಾಲ್‌ಫೆನಾಮಿಕ್ ಆಮ್ಲ ರಣಹದ್ದಿಗೆ ನಿರಪಾಯ ಎಂದು ಪರೀಕ್ಷೆಗಳಿಂದ ಸಾಬೀತಾಗಿದೆ. ಪಿಡುಗು ರಣಹದ್ದಿಗಷ್ಟೇ ಸೀಮಿತವಲ್ಲ. ರಾಜಸ್ಥಾನದಲ್ಲಿ ಸತ್ತ ಎರಡು ಸ್ಟೆಪ್ಪಿ ಹದ್ದುಗಳಲ್ಲಿ ಇದೇ ಗೌಟ್, ಇದೇ ಮದ್ದು ಕಂಡದ್ದು 2014ರಲ್ಲಿ ವರದಿಯಾಯಿತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಮೀಸಲಿನಂಥ ಹುಲ್ಲುಗಾವಲುಗಳಿಗೆ ಚಳಿಗಾಲದಲ್ಲಿ ವಲಸೆ ಬರುವ ಬೇಟೆಹಕ್ಕಿಗಳನ್ನೂ ಈ ಲೆಕ್ಕದಲ್ಲಿ ನೆನೆಯಬೇಕು. ಈ ಸೀಮೆಯ ಕೊಳವೆಬಾವಿಗಳ ಫ್ಲೋರೈಡ್ ಕುಖ್ಯಾತವಾದದ್ದೇ, ಜನರ ಹಲ್ಲು ಮೂಳೆಗಳು ಅದಕ್ಕೆ ಸಾಕ್ಷಿ. ಹಾಗೆಂದು ರಣಹದ್ದು ಅಳಿದುದನ್ನೂ ಅದರ ತಲೆಗೆ ಕಟ್ಟುವುದು ತಪ್ಪು.

ಬಿಸಿಲು ಮೂತ್ರಪಿಂಡವನ್ನು ಬೇರೆ ದಾರಿಯಿಂದ ಕೆಡಿಸುತ್ತದೆ. ಮೈಯ ನೀರಿನ ಅಂಶ ಇಳಿದರೆ ನಳಿಕೆಗಳಲ್ಲಿ ಯೂರಿಕ್ ಆಮ್ಲದ ಲವಣವಾದ ಯೂರೇಟ್ ಕಟ್ಟಿಕೊಳ್ಳುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆ, ಬೂದು ಬಕಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ 1999ರಲ್ಲಿ ಈ ತಾಣವನ್ನು ಹೊರಜಗತ್ತಿಗೆ ತಿಳಿಸಿತು. ಬೇಸಿಗೆಯ ಮಟಮಟ ಮಧ್ಯಾಹ್ನ ತಾಯಿ-ತಂದೆ ಕೊಕ್ಕರೆಗಳು ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆ ಅರ್ಧ ಬಿಚ್ಚಿ ಮರಿಗಳಿಗೆ ನೆರಳು ಹಿಡಿಯುತ್ತವೆ. ಈ ಹಕ್ಕಿ ಅಳಿವಿನಂಚಿನದಲ್ಲ. ಆದರೂ ಗೂಡಿನಿಂದ ಬಿದ್ದ ಮರಿಯನ್ನು ಎತ್ತಿದವರು ಮೀನು ತುರುಕುವ ಮೊದಲು ಅದರ ಮೈಯ ನೀರಿನ ಕೊರತೆ ನೀಗಿಸಬೇಕು. ಒಣಗಿದ ಮೈಗೆ ಪ್ರೋಟೀನು ಸುರಿದರೆ ಮೂತ್ರಪಿಂಡದ ಹೊರೆ ಹೆಚ್ಚುತ್ತದೆ. ಬಾಯಿಗೆ ನೀರು ಹೊಯ್ಯುವುದೂ ಅಪಾಯ, ಅದು ಉಸಿರುನಾಳ ಸೇರಬಹುದು.

ಪಂಜರದ ಹಕ್ಕಿಗಳಲ್ಲಿ ಕಾರಣ ಬಹುಮಟ್ಟಿಗೆ ತಟ್ಟೆಯಲ್ಲೇ ಇರುತ್ತದೆ. ಪೇಟೆಯ ಮನೆಗಳಲ್ಲಿ ಸಾಕುವ ಆಫ್ರಿಕದ ಬೂದು ಗಿಳಿ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಅದಕ್ಕೆ ಬರೀ ಸೂರ್ಯಕಾಂತಿ ಬೀಜ ಹಾಕಿದರೆ ಎ ಜೀವಸತ್ವ ಸಾಲದೆ ಮೂತ್ರನಾಳದ ಒಳಪದರ ಗಡುಸಾಗಿ ಕಟ್ಟಿಕೊಳ್ಳುತ್ತದೆ. ಮಕಾವ್ ಗಿಳಿಗಳಲ್ಲಿ ಉಲ್ಟಾ: ಡಿ-3 ಟಾನಿಕ್ ಅತಿಯಾದರೆ ಮೂತ್ರಪಿಂಡದಲ್ಲೇ ಸುಣ್ಣಾಂಶ ಕೂರುತ್ತದೆ. ಕಡಲೆಕಾಯಿ ಹಿಂಡಿಯ ಬೂಷ್ಟಿನ ಅಫ್ಲಾಟಾಕ್ಸಿನ್ ಮುಖ್ಯವಾಗಿ ಯಕೃತ್ತನ್ನು ಕೆಡಿಸಿದರೆ, ಕಾಳಿನ ಬೂಷ್ಟಿನ ಓಕ್ರಾಟಾಕ್ಸಿನ್ ನೇರವಾಗಿ ಮೂತ್ರಪಿಂಡಕ್ಕೆ ಹೋಗುತ್ತದೆ. ಸಾಕುವ ರಣಹದ್ದಿನ ಮೇವಿಗೂ ಇಂಥ ಎಚ್ಚರ ಬೇಕು: ಹರಿಯಾಣದ ಪಿಂಜೋರಿನ ರಣಹದ್ದು ಸಂವರ್ಧನಾ ಕೇಂದ್ರದಲ್ಲಿ ಮೇವಿಗೆ ತಂದ ಮೇಕೆಗಳನ್ನು ಕೂಡಲೇ ಕಡಿಯುವುದಿಲ್ಲ, ಮೈಯಲ್ಲಿ ಮದ್ದಿನ ಅಂಶವಿದ್ದರೆ ಇಳಿಯಲೆಂದು ಮೊದಲು ಕೆಲವು ದಿನ ಇಟ್ಟುಕೊಳ್ಳುತ್ತಾರೆ.

ರೋಗ ಪತ್ತೆಗೆ ರಕ್ತದ ಯೂರಿಕ್ ಆಮ್ಲ ನೋಡಬೇಕು; ಮನುಷ್ಯರಿಗೆ ಮಾಡಿಸುವ ಕ್ರಿಯಾಟಿನಿನ್ ಪರೀಕ್ಷೆ ಹಕ್ಕಿಗೆ ಹೆಚ್ಚೇನೂ ಹೇಳದು. ಊಟ ಮಾಡಿದ ಬೇಟೆಹಕ್ಕಿಯಲ್ಲಿ ಯೂರಿಕ್ ಆಮ್ಲ ಸಹಜವಾಗಿಯೇ ಏರಿರುವುದರಿಂದ ಖಾಲಿ ಹೊಟ್ಟೆಯ ರಕ್ತ ಬೇಕು. ಚಿಕಿತ್ಸೆಯೆಂದರೆ ಮುಖ್ಯವಾಗಿ ದ್ರವ ಕೊಡುವುದು, ವಿಷದ ಮೂಲ ತಪ್ಪಿಸುವುದು. ಮನುಷ್ಯರ ಗೌಟ್‌ಗೆ ಬಳಸುವ ಅಲೋಪ್ಯೂರಿನಾಲನ್ನು ಕಣ್ಣುಮುಚ್ಚಿ ಕೊಡುವಂತಿಲ್ಲ. ಕೆಂಪುಬಾಲದ ಹಾಕ್ ಎಂಬ ಅಮೆರಿಕದ ಬೇಟೆಹಕ್ಕಿಯಲ್ಲಿ ಹೆಚ್ಚಿನ ಪ್ರಮಾಣದ ಆ ಮದ್ದೇ ಗೌಟ್ ತಂದಿತು. ಡೈಕ್ಲೋಫೆನಾಕ್ ತಿಂದ ರಣಹದ್ದನ್ನು ಲಕ್ಷಣ ಕಂಡ ಮೇಲೆ ಉಳಿಸುವುದು ಬಹಳ ಕಷ್ಟ. ಸತ್ತ ರಣಹದ್ದು ಸಿಕ್ಕಾಗ ಹೂಳದೆ, ಸುಡದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮೂತ್ರಪಿಂಡ, ಯಕೃತ್ತಿನ ತುಣುಕುಗಳು ಕೊಳೆಯುವ ಮೊದಲೇ ತಣ್ಣಗಿನ ಪೆಟ್ಟಿಗೆಯಲ್ಲಿ ಪ್ರಯೋಗಾಲಯ ಸೇರಿದರೆ ಮಾತ್ರ ಯಾವ ಮದ್ದು ಕೊಂದಿತೆಂದು ಹೇಳಬಹುದು.