ಹೆಬ್ರಾನ ಕಜ್ಜಿಯ ವಾರ್ಡು: ಚರ್ಮವೈದ್ಯವೃತ್ತಿಯ ಆರಂಭವನ್ನು ಕುರಿತು ಒಂದು ವಿವೇಚನೆ

ಚರ್ಮವೈದ್ಯವನ್ನು ಹೊಸದಾಗಿ ಪ್ರವೇಶಿಸುವ ತರುಣನು ಯಾವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು, ಫಲಕ್ಕಾಗಿ ಎಷ್ಟು ಕಾಲ ಕಾಯಬೇಕು ಎಂಬ ಪ್ರಶ್ನೆಗಳನ್ನು ಸಾಮಾನ್ಯವಾಗಿ ಹಿರಿಯ ವೈದ್ಯರಲ್ಲಿ ಕೇಳುವುದುಂಟು. ಇತಿಹಾಸದ ಅಧ್ಯಾಪಕರಲ್ಲಿ ಯಾರೂ ಕೇಳುವುದಿಲ್ಲ. ಆದರೂ ಈ ಪ್ರಶ್ನೆಗಳಿಗೆ ಇತಿಹಾಸವು ಕೊಡತಕ್ಕ ಉತ್ತರವೊಂದುಂಟು. ಇಂದು ನಮ್ಮ ದೇಶದಲ್ಲಿ ಸ್ನಾತಕೋತ್ತರ ವೈದ್ಯಕೀಯ ಪ್ರವೇಶಪರೀಕ್ಷೆಯಲ್ಲಿ ಮೇಲಿನ ಸ್ಥಾನಗಳನ್ನು ಗಳಿಸಿದವರು ಬಯಸಿ ಆರಿಸಿಕೊಳ್ಳುವ ಶಾಖೆಗಳಲ್ಲಿ ಚರ್ಮವೈದ್ಯವೂ ಒಂದು. ಹತ್ತೊಂಬತ್ತನೆಯ ಶತಮಾನದ ನಡುಭಾಗದ ವಿಯೆನ್ನಾ ನಗರದಲ್ಲಿ ಸ್ಥಿತಿಯು ಇದಕ್ಕೆ ತೀರ ವಿರುದ್ಧವಾಗಿತ್ತು. ಅಲ್ಲಿನ ಒಬ್ಬ ತರುಣ ವೈದ್ಯನ ವೃತ್ತಿಜೀವನವನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಫರ್ಡಿನಂಡ್ ಹೆಬ್ರಾನು 1816ರಲ್ಲಿ ಮೊರೇವಿಯಾ ಪ್ರಾಂತದ ಬ್ರುನೋ ನಗರದಲ್ಲಿ ಜನಿಸಿದನು. 1841ರಲ್ಲಿ ವಿಯೆನ್ನಾದಲ್ಲಿ ವೈದ್ಯಪದವಿಯನ್ನು ಪಡೆದನು. ತರುವಾಯ ಅಲ್ಲಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ಎದೆರೋಗಗಳ ತಜ್ಞನಾದ ಯೋಸೆಫ್ ಸ್ಕೋಡಾನ ಕೈಕೆಳಗೆ ಸೇರಿದನು. ಸ್ಕೋಡಾನ ವಿಭಾಗಕ್ಕೆ ಚರ್ಮರೋಗಿಗಳ ಕೊಠಡಿಯೊಂದು ಅಂಟಿಕೊಂಡಿತ್ತು. ಅಲ್ಲಿದ್ದವರಲ್ಲಿ ಬಹುಪಾಲು ಜನ ಕಜ್ಜಿ ಹತ್ತಿದ ಬಡವರು. ಯಾರೂ ಬಯಸದಿದ್ದ ಆ ಕೊಠಡಿಯನ್ನು ಸ್ಕೋಡಾನು ತನ್ನ ಕಿರಿಯ ಸಹಾಯಕನಿಗೆ ಒಪ್ಪಿಸಿದನು.

ಅಂದಿನ ವೈದ್ಯರಲ್ಲಿ ಅನೇಕರು ಕಜ್ಜಿಯನ್ನು ದೇಹದೊಳಗಿನ ದುಷ್ಟರಸಗಳ ಹೊರಸೂಸುವಿಕೆಯೆಂದು ಭಾವಿಸಿದ್ದರು. ಮೇಲಿನ ಔಷಧದಿಂದ ಅದನ್ನು ಅಡಗಿಸಿದರೆ ರೋಗವು ಒಳಹೊಕ್ಕು ಕೆಡುಕುಮಾಡುವುದೆಂಬ ಭಯವೂ ಇತ್ತು. ಕಜ್ಜಿಗೆ ಕಾರಣವಾದ ಸೂಕ್ಷ್ಮಕೀಟವನ್ನು ಇಟಲಿಯ ಬೊನೋಮೋ ಮತ್ತು ಚೆಸ್ತೋನಿ ಎಂಬವರು 1687ರಷ್ಟು ಹಿಂದೆಯೇ ವರ್ಣಿಸಿದ್ದರು. ಆದರೆ ವಿದ್ವತ್ಸಮಾಜವು ಅದಕ್ಕೆ ಮನ್ನಣೆಯನ್ನು ಕೊಡಲಿಲ್ಲ. 1812ರಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಗಾಲೆ ಎಂಬವನು ಕೀಟವನ್ನು ಕಂಡೆನೆಂದು ಪ್ರಬಂಧವನ್ನು ಬರೆದು ಹೆಸರುಗಳಿಸಿದನು. ಆದರೆ ಅವನ ಚಿತ್ರದಲ್ಲಿದ್ದುದು ಗಿಣ್ಣಿನಲ್ಲಿ ಹುಟ್ಟುವ ಹುಳುವೆಂದು ರಸ್ಪಾಯ್ ಎಂಬ ವಿಜ್ಞಾನಿಯು ಮುಂದೆ ತೋರಿಸಿಕೊಟ್ಟನು. ಗಾಲೆಯು ಬೇಕೆಂದೇ ವಂಚಿಸಿದನೋ ಮೋಸಹೋದನೋ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯವುಂಟು, ಪರಿಣಾಮವಂತೂ ಒಂದೇ. ಕೀಟದ ಮಾತೆತ್ತಿದವರನ್ನು ನಂಬುವವರೇ ಇಲ್ಲವಾದರು. ಕೊನೆಗೆ 1834ರಲ್ಲಿ ಅದೇ ಆಸ್ಪತ್ರೆಯಲ್ಲಿ ಕಾರ್ಸಿಕಾ ದ್ವೀಪದ ರೆನೂಚಿ ಎಂಬ ವಿದ್ಯಾರ್ಥಿಯು ಸೂಜಿಯ ತುದಿಯಿಂದ ಕೀಟವನ್ನು ಹೊರತೆಗೆದು ಎಲ್ಲರ ಮುಂದೆ ತೋರಿಸಿದನು. ಈ ಕೌಶಲವನ್ನು ಅವನು ಗ್ರಂಥದಿಂದ ಕಲಿತುದಲ್ಲ; ತನ್ನ ನಾಡಿನ ಬಡ ಹೆಂಗಸರು ಹಾಗೆ ಕೀಟವನ್ನು ತೆಗೆಯುತ್ತಿದ್ದುದನ್ನು ಕಂಡು ಕಲಿತುದು.

ಕೀಟವು ಸಿದ್ಧಪಟ್ಟರೂ ಸಿದ್ಧಾಂತವು ಅಳಿಯಲಿಲ್ಲ. ಕೀಟವು ರೋಗದ ಕಾರಣವಲ್ಲ, ರೋಗದಿಂದ ಹುಟ್ಟಿದುದೆಂದು ವಾದಿಸಬಹುದಾಗಿತ್ತು. ಹೆಬ್ರಾನು ಈ ವಾದವನ್ನು ವಾದದಿಂದ ಎದುರಿಸಲಿಲ್ಲ. ಕೀಟಗಳನ್ನು ತನ್ನ ಮೈಮೇಲೆಯೇ ಬಿಟ್ಟುಕೊಂಡು ರೋಗವು ಹುಟ್ಟುವುದನ್ನೂ ಬೆಳೆಯುವುದನ್ನೂ ಗಮನಿಸಿದನು. ಕೀಟವೇ ಕಾರಣ, ಕೀಟನಾಶವೇ ಚಿಕಿತ್ಸೆ ಎಂಬ ತನ್ನ ನಿರ್ಣಯವನ್ನು 1844ರಲ್ಲಿ ಪ್ರಕಟಿಸಿದನು. ಮರುವರ್ಷ ಸಮಸ್ತ ಚರ್ಮರೋಗಗಳನ್ನೂ ಅಂಗವಿಕೃತಿಯ ಆಧಾರದ ಮೇಲೆ 12 ವರ್ಗಗಳಾಗಿ ವಿಂಗಡಿಸಿದನು. ತಿರಸ್ಕೃತವಾದ ಒಂದು ಕೊಠಡಿಯು ಹೀಗೆ ಒಂದು ಶಾಸ್ತ್ರಕ್ಕೆ ತಳಹದಿಯಾಯಿತು. ಆದರೆ ಅವನಿಗೆ ಪೂರ್ಣ ಪ್ರಾಧ್ಯಾಪಕ ಪದವಿಯು ದೊರೆತುದು 1869ರಲ್ಲಿ, ಅಂದರೆ ವೈದ್ಯಪದವಿಯನ್ನು ಪಡೆದ 28 ವರ್ಷಗಳ ತರುವಾಯ.

ಈ ನಡುವಣ ಕಾಲವು ವ್ಯರ್ಥವಾಗಲಿಲ್ಲ. ವೈದ್ಯರೂ ಚಿತ್ರಕಾರರೂ ಆಗಿದ್ದ ಎಲ್ಫಿಂಗರ್ ಮತ್ತು ಹೈಟ್ಸ್‌ಮನ್ ಅವರ ನೆರವಿನಿಂದ 1856ರಿಂದ 1876ರವರೆಗೆ ಚರ್ಮರೋಗಗಳ ಚಿತ್ರಸಂಪುಟಗಳು ಹೊರಬಂದುವು. ಮುಂದೆ ಅವನ ಸ್ಥಾನಕ್ಕೆ ಬಂದ ಮೋರಿಟ್ಸ್ ಕಪೋಸಿಯು ಅವನ ಶಿಷ್ಯನೇ. ಮತ್ತೊಂದು ಸಂಗತಿಯೂ ಸ್ಮರಣೀಯವಾದುದು. ಹೆರಿಗೆಯ ವಾರ್ಡಿನಲ್ಲಿ ವೈದ್ಯರು ಕೈತೊಳೆದರೆ ಬಾಣಂತಿಯರ ಸಾವು ತಗ್ಗುವುದೆಂದು ಗೆಳೆಯ ಸೆಮ್ಮೆಲ್‌ವೈಸನು ಕಂಡುಕೊಂಡಾಗ, ಅದನ್ನು 1847ರಲ್ಲಿ ವಿಯೆನ್ನಾದ ವೈದ್ಯಪತ್ರಿಕೆಯಲ್ಲಿ ಮೊದಲು ಪ್ರಕಟಿಸಿದವನು ಹೆಬ್ರಾ. ಸೆಮ್ಮೆಲ್‌ವೈಸನ ಸ್ವಂತ ಗ್ರಂಥವು ಹೊರಬಂದುದು 1861ರಲ್ಲಿ; ಅಷ್ಟರಲ್ಲಿ ವಿರೋಧವು ಬೇರೂರಿತ್ತು. ಕಂಡುದನ್ನು ಸಕಾಲದಲ್ಲಿ ಬರೆಯದಿರುವುದು ಎಷ್ಟು ಹಾನಿಕರವೆಂಬುದಕ್ಕೆ ಇದು ನಿದರ್ಶನ.

ಹೆಬ್ರಾನನ್ನು ನಿರ್ದುಷ್ಟನೆಂದು ನಾವು ಹೇಳುವುದಿಲ್ಲ. ಕಜ್ಜಿಯಲ್ಲಿ ದೊರೆತ ಜಯದಿಂದ ಬಾಹ್ಯಕಾರಣಗಳಲ್ಲಿ ಅವನಿಗೆ ಅತಿಯಾದ ವಿಶ್ವಾಸವುಂಟಾಯಿತು. ದೇಹದ ಒಳಸ್ಥಿತಿಗೂ ಚರ್ಮವಿಕಾರಕ್ಕೂ ಇರುವ ಸಂಬಂಧಕ್ಕೆ ಅವನು ಸಲ್ಲತಕ್ಕ ಗೌರವವನ್ನು ಸಲ್ಲಿಸಲಿಲ್ಲ. ಮೊದಲ ಗೆಲವೇ ಮುಂದಿನ ನೋಟಕ್ಕೆ ಪೊರೆಯಾಗಬಹುದೆಂಬುದನ್ನೂ ತರುಣರು ಇಲ್ಲಿಂದ ಅರಿಯಬೇಕು.

ಗಾಲೆಗೆ ಕೀರ್ತಿಯು ಬೇಗ ಬಂದಿತು, ಬಂದಂತೆಯೇ ಹೋಯಿತು. ರೆನೂಚಿಯು ಬಡ ಹೆಂಗಸರಿಂದ ಕಲಿಯಲು ನಾಚಲಿಲ್ಲ. ಹೆಬ್ರಾನು ತನಗೆ ದೊರೆತ ಕೀಳು ಕೆಲಸವನ್ನು ಬಿಟ್ಟು ಓಡಲಿಲ್ಲ. ಇವು ಬರಿಯ ಹಳೆಯ ಕಥೆಗಳಲ್ಲ. ಇಂದಿಗೂ ಕಜ್ಜಿಯು ಅಳಿದಿಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಉಪೇಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿತು. ಅಂದವನ್ನು ಹೆಚ್ಚಿಸುವ ಚಿಕಿತ್ಸೆಗೆ ಹಣವೂ ಹೆಸರೂ ಬೇಗ ಒದಗುವ ಈ ಕಾಲದಲ್ಲಿ, ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಮೈ ತುರಿಸಿಕೊಳ್ಳುತ್ತ ಕುಳಿತ ರೋಗಿಯನ್ನು ಯಾರು ನಿಧಾನವಾಗಿ ನೋಡುವರೆಂಬುದೇ ಪ್ರಶ್ನೆ. ಚರ್ಮವೈದ್ಯಶಾಸ್ತ್ರವು ಹುಟ್ಟಿದುದು ಅಂತಹ ರೋಗಿಯ ಮುಂದೆಯೇ ಎಂಬುದನ್ನು ಈ ವೃತ್ತಿಗೆ ಕಾಲಿಡುವವರು ಮರೆಯಬಾರದೆಂದು ನಮ್ಮ ಭಾವನೆ.