ಮಣ್ಣಿನ ಸತು, ಸೊಪ್ಪಿನ ಕ್ಯಾಡ್ಮಿಯಂ: ತುಮಕೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಸೊಪ್ಪಿನಲ್ಲಿ ಭಾರಲೋಹ ಎಂದೊಡನೆ ಬೆಂಗಳೂರಿನ ಕೆರೆಗಳು ನೆನಪಾಗುತ್ತವೆ. ಬೆಳ್ಳಂದೂರು ಕೆರೆಯ ನೀರುಂಡ ಮಣ್ಣು ಮತ್ತು ಬೆಳೆಗಳ ಲೋಹಾಂಶವನ್ನು ಲೋಕೇಶ್ವರಿ ಮತ್ತು ಚಂದ್ರಪ್ಪ 2006ರಲ್ಲೇ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸ್ಥಿತಿ ಬೇರೆ. ಇಲ್ಲಿ ಸೊಪ್ಪಿನ ಮಡಿಗೆ ಹರಿಯುವುದು ಹೆಚ್ಚಾಗಿ ಕೊಳವೆಬಾವಿಯ ನೀರು. ನೆಲ ಬಹುಪಾಲು ಸಾವಯವ ಇಂಗಾಲ ಕಡಿಮೆಯಿರುವ ಕೆಂಪು ಮರಳು ಮಣ್ಣು. ಇಂಥಲ್ಲಿ ಲೋಹ ಎಷ್ಟಿದೆ ಎಂಬುದರಷ್ಟೇ, ಯಾವ ಪೋಷಕಾಂಶ ಕಡಿಮೆ ಬಿದ್ದಿದೆ ಎಂಬುದನ್ನೂ ಕೇಳಬೇಕು.

ಕ್ಯಾಡ್ಮಿಯಂನಿಂದ ಗಿಡಕ್ಕೆ ಏನೂ ಆಗಬೇಕಿಲ್ಲ. ಆದರೂ ಅದರ ರಾಸಾಯನಿಕ ಗುಣ ಸತುವನ್ನು ಹೋಲುತ್ತದೆ; ಸತು, ಕಬ್ಬಿಣಗಳನ್ನು ಬೇರಿನೊಳಕ್ಕೆ ಸಾಗಿಸುವ ಪ್ರೋಟೀನುಗಳೇ ಇದನ್ನೂ ಸಾಗಿಸುತ್ತವೆ. ಸತುವಿನ ಕೊರತೆಯಾದಾಗ ಗಿಡ ಈ ಪ್ರೋಟೀನುಗಳನ್ನು ಹೆಚ್ಚಿಸಿಕೊಳ್ಳುತ್ತದೆ, ಕ್ಯಾಡ್ಮಿಯಂಗೆ ದಾರಿ ಅಗಲವಾಗುತ್ತದೆ. ಪಾಲಕ್ ಮತ್ತು ದಂಟು ಬೇರಿನಲ್ಲಿ ಹೀರಿದ್ದನ್ನು ಎಲೆಗೆ ಸುಲಭವಾಗಿ ಏರಿಸುವ ಜಾತಿಯವು. ಎಲೆ ತರಕಾರಿಯ ಕ್ಯಾಡ್ಮಿಯಂಗೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೊಡೆಕ್ಸ್ ಇಟ್ಟಿರುವ ಮಿತಿ ಕಿಲೋಗೆ 0.2 ಮಿಲಿಗ್ರಾಂ ಮಾತ್ರ.

ರಂಜಕದ ಪಾತ್ರ ಇಬ್ಬಗೆಯದು. ಅದು ಇನ್ನೊಂದು ಭಾರಲೋಹವಾದ ಸೀಸವನ್ನು ಕರಗದ ಲವಣವಾಗಿ ಕಟ್ಟಿಹಾಕುತ್ತದೆ. ಆದರೆ ರಂಜಕದ ಗೊಬ್ಬರ ತಯಾರಾಗುವ ಶಿಲೆಯಲ್ಲೇ ಕ್ಯಾಡ್ಮಿಯಂ ಇರಬಹುದು, ಅತಿಯಾದ ರಂಜಕ ಗಿಡಕ್ಕೆ ಸತುವನ್ನೂ ತಪ್ಪಿಸುತ್ತದೆ. ಅಮೋನಿಯಂ ರೂಪದ ಸಾರಜನಕ ಮಣ್ಣಿನ ರಸಸಾರ (pH) ತಗ್ಗಿಸಿ ಲೋಹಗಳನ್ನು ಕರಗಿಸುತ್ತದೆ. ಕೊಳೆತ ಕೊಟ್ಟಿಗೆ ಗೊಬ್ಬರ ಅವನ್ನು ಹಿಡಿದಿಡುತ್ತದೆ. ಸೀಸದ ಕಥೆಯೇ ಬೇರೆ: ಅದು ಹೆಚ್ಚಾಗಿ ಬೇರಲ್ಲೇ ಉಳಿಯುತ್ತದೆ, ಎಲೆಗೆ ಬರುವುದು ಬಹುಮಟ್ಟಿಗೆ ಧೂಳಿನಿಂದ. ಶಿರಾ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 48ರ ಬದಿಯ ಸೊಪ್ಪನ್ನು ಚೆನ್ನಾಗಿ ತೊಳೆದರೆ ಈ ಸೀಸದ ಒಂದು ಪಾಲು ಹೋಗುತ್ತದೆ. ಬೇರು ಹೀರಿದ ಕ್ಯಾಡ್ಮಿಯಂ ಹೋಗದು.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಕ್ಯಾಡ್ಮಿಯಂ, ಸೀಸಗಳಿಲ್ಲ. ಆದರೆ ರಸಸಾರ, ಸಾವಯವ ಇಂಗಾಲ, ಸತು ಇವೆ. ಈ ಮೂರನ್ನೂ ಒಟ್ಟಿಗೆ ಓದಿದರೆ ಅಪಾಯ ಎಲ್ಲಿ ಹೆಚ್ಚು ಎಂಬ ಸುಳಿವು ಈಗಲೇ ಸಿಗುತ್ತದೆ ಎಂಬುದು ನನ್ನ ವಾದ. ಲಭ್ಯ ಸತು ಕಿಲೋಗೆ 0.6 ಮಿಲಿಗ್ರಾಂಗಿಂತ ಕೆಳಗಿದ್ದು, ಇಂಗಾಲವೂ ಕಡಿಮೆಯಿದ್ದು, ಮಣ್ಣು ಹುಳಿಯಾಗಿರುವ ಸೊಪ್ಪಿನ ಹೊಲಗಳನ್ನೇ ಲೋಹ ಪರೀಕ್ಷೆಗೆ ಮೊದಲು ಆರಿಸಬೇಕು. ಅಲ್ಲಿ ಸತುವಿನ ಸಲ್ಫೇಟನ್ನು ರಂಜಕದ ಗೊಬ್ಬರವಾದ ಡಿಎಪಿಯೊಂದಿಗೆ ಬೆರೆಸದೆ, ಕೊಟ್ಟಿಗೆ ಗೊಬ್ಬರದ ಜೊತೆ ಮಣ್ಣಿಗೆ ಸೇರಿಸಬೇಕು. ಕೆರೆಗೋಡೂ ಒಳ್ಳೆಯದೇ, ಆ ಕೆರೆಗೆ ಊರಿನ ಚರಂಡಿ ಸೇರದಿದ್ದರೆ.