ಸೊಳ್ಳೆ ಔಷಧಿ ಯಾಕೆ ನಾಟುತ್ತಿಲ್ಲ? ಸೋಡಿಯಂ ಚಾನೆಲ್‌ನ ಕತೆ

ಹಲ್ಲು ಕೀಳುವ ಮುನ್ನ ಕೊಡುವ ಇಂಜೆಕ್ಷನ್, ಪಫರ್ ಮೀನಿನ ವಿಷ, ಪ್ಲಗ್‌ಗೆ ಸಿಕ್ಕಿಸುವ ಸೊಳ್ಳೆ ಲಿಕ್ವಿಡ್. ಮೂರೂ ಕೆಲಸ ಮಾಡುವುದು ಒಂದೇ ಕಡೆ: ನರಕೋಶದ ಪೊರೆಯಲ್ಲಿರುವ ಸೋಡಿಯಂ ಚಾನೆಲ್ ಎಂಬ ಪ್ರೋಟೀನ್ ಮೇಲೆ. ಅದರ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಲೆಕ್ಕಾಚಾರ ತಲೆಕೆಳಗಾಗಬಹುದು.

ಏನಿದು ಚಾನೆಲ್?

ಎಂಜಿನಿಯರಿಂಗ್ ಓದಿದ ನಾನು ಇದನ್ನು ವೋಲ್ಟೇಜ್‌ಗೆ ತೆರೆಯುವ ಗೇಟ್ ಅಂತ ನೆನಪಿಟ್ಟುಕೊಂಡಿದ್ದೇನೆ. ತೆರೆದಾಗ ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ಒಂದೆರಡು ಮಿಲಿಸೆಕೆಂಡಿನಲ್ಲಿ ಗೇಟ್ ಮುಚ್ಚುತ್ತದೆ. ನರದ ಸಂದೇಶ ಸಾಗುವುದೇ ಹೀಗೆ. ಮನುಷ್ಯರಲ್ಲಿ ಇದರ 9 ಬಗೆಗಳಿವೆ. ನೋವಿನ ನರಗಳಲ್ಲಿರುವ ಒಂದು ಬಗೆ ಪೂರ್ತಿ ಕೆಟ್ಟರೆ ನೋವೇ ಗೊತ್ತಾಗಲ್ಲ. ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳಲ್ಲಿ ಇದನ್ನು 2006ರಲ್ಲಿ ಗುರುತಿಸಲಾಯಿತು.

ವಿಷ ಮತ್ತು ಅರಿವಳಿಕೆ

ಪಫರ್ ಮೀನಿನ ಟೆಟ್ರೊಡೊಟಾಕ್ಸಿನ್ ಗೇಟಿನ ಹೊರಬಾಯಿಗೆ ಬಿರಡೆಯಂತೆ ಕೂರುತ್ತದೆ. ಮೀನು ಮಾತ್ರ ಸಾಯಲ್ಲ, ಯಾಕಂದ್ರೆ ಅದರ ಚಾನೆಲ್‌ನ ಬಾಯಲ್ಲಿ ಅಮೈನೋ ಆಮ್ಲಗಳು ಬದಲಾಗಿವೆ. ಇದೇ ವಿಷವಿರುವ ನ್ಯೂಟ್‌ಗಳನ್ನು ತಿನ್ನುವ ಅಮೆರಿಕದ ಗಾರ್ಟರ್ ಹಾವುಗಳೂ ಇಂಥದ್ದೇ ದಾರಿ ಹಿಡಿದಿವೆ.

ಲಿಡೊಕೇನ್‌ನಂಥ ಅರಿವಳಿಕೆಗಳು ಅಂಟುವುದು ಒಳಬದಿಗೆ. 1994ರಲ್ಲಿ ಇಲಿಯ ಮೆದುಳಿನ ಚಾನೆಲ್‌ನಲ್ಲಿ ಅಲ್ಲಿನ ಒಂದು ಫಿನೈಲಲನೀನ್ ಬದಲಿಸಿ ನೋಡಿದಾಗ ಈ ಜಾತಿಯ ಔಷಧಿಯ ಹಿಡಿತ ಬಹಳಷ್ಟು ಸಡಿಲವಾಯಿತು.

ಸೊಳ್ಳೆ ಗೆದ್ದದ್ದು ಹೇಗೆ?

ಡಿಡಿಟಿ ಮತ್ತು ಪೈರೆಥ್ರಾಯ್ಡ್‌ಗಳು ಗೇಟನ್ನು ಮುಚ್ಚಿಸಲ್ಲ, ಮುಚ್ಚದಂತೆ ತಡೆಯುತ್ತವೆ. ನರ ಬಿಡದೆ ಮಿಡಿದು ಕೀಟ ನೆಲಕ್ಕೆ ಬೀಳುತ್ತದೆ. ಆದರೆ 1014ನೇ ಜಾಗದ ಲ್ಯೂಸೀನ್ ಬದಲು ಫಿನೈಲಲನೀನ್ ಬಂದರೆ ಕೀಟ ತಡೆದುಕೊಳ್ಳುತ್ತದೆ. ಇದೇ ಕೆಡಿಆರ್ ರೂಪಾಂತರ. ಎರಡು ರಾಸಾಯನಿಕಗಳ ಗುರಿಯೂ ಒಂದೇ ಆದ್ದರಿಂದ, ಒಂದಕ್ಕೆ ಹೀಗೆ ಒಗ್ಗಿದ ಸೊಳ್ಳೆ ಇನ್ನೊಂದಕ್ಕೂ ಸುಲಭವಾಗಿ ಬಗ್ಗಲ್ಲ.

ಔಷಧಿ ಈ ರೂಪಾಂತರವನ್ನು ಹುಟ್ಟಿಸುವುದಿಲ್ಲ, ಆರಿಸುತ್ತದೆ. ಮಿಕ್ಕವು ಸಾಯುತ್ತವೆ, ಇದಿರುವವು ಉಳಿದು ಮೊಟ್ಟೆಯಿಡುತ್ತವೆ. ದೇಹದೊಳಗಿನ ಕಿಣ್ವಗಳಿಂದ ವಿಷವನ್ನು ಒಡೆದುಹಾಕುವ ಸೊಳ್ಳೆಗಳೂ ಇವೆ. ಹಾಗಾಗಿ ಎಲ್ಲ ನಿರೋಧಕತೆಯೂ ಚಾನೆಲ್‌ನದ್ದಲ್ಲ.

ಇದರಲ್ಲಿ ರಾಜಕೀಯ ಎಲ್ಲಿದೆ?

ಭಾರತದಲ್ಲಿ 1965ರ ಹೊತ್ತಿಗೆ ಸುಮಾರು 1 ಲಕ್ಷಕ್ಕೆ ಇಳಿದಿದ್ದ ಮಲೇರಿಯಾ ಪ್ರಕರಣಗಳು 1976ರಲ್ಲಿ ಸುಮಾರು 64 ಲಕ್ಷಕ್ಕೆ ಏರಿದವು. ಹಣ, ಆಡಳಿತದ ಸಡಿಲತೆ ಜೊತೆಗೆ ಕೀಟನಾಶಕಕ್ಕೆ ಬಗ್ಗದ ಸೊಳ್ಳೆಗಳೂ ಕಾರಣವಾಗಿದ್ದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪೈರೆಥ್ರಾಯ್ಡ್ ಜೊತೆ ಕ್ಲೋರ್‌ಫೆನಾಪಿರ್ ಲೇಪಿಸಿದ ಸೊಳ್ಳೆಪರದೆಗಳನ್ನು ಶಿಫಾರಸು ಮಾಡಿತು. ಕ್ಲೋರ್‌ಫೆನಾಪಿರ್ ಹೊಡೆಯುವುದು ಚಾನೆಲ್‌ಗಲ್ಲ, ಮೈಟೊಕಾಂಡ್ರಿಯಾಗೆ.

ನನ್ನ ಪ್ರಕಾರ ನಾವು ಕೇಳಬೇಕಾದ್ದು ‘ಫಾಗಿಂಗ್ ಯಾವಾಗ?’ ಅಂತಷ್ಟೇ ಅಲ್ಲ. ಯಾವ ರಾಸಾಯನಿಕ? ನಮ್ಮೂರಿನ ಸೊಳ್ಳೆ ಮೇಲೆ ಅದನ್ನು ಪರೀಕ್ಷಿಸಿದ್ದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ, ಪರೀಕ್ಷೆಯಲ್ಲಿ ಶೇ 90ಕ್ಕಿಂತ ಕಡಿಮೆ ಸೊಳ್ಳೆ ಸತ್ತರೆ ನಿರೋಧಕತೆ ಖಚಿತ. ಆ ಅಂಕಿ ಕೇಳಿ ವಾರ್ಡ್ ಸಭೆಯಲ್ಲಿ ಕೈ ಎತ್ತಿ, ಇಲ್ಲದಿದ್ದರೆ ಆರ್‌ಟಿಐ ಹಾಕಿ. ಹೊಗೆ ಕಂಡರೆ ಕೆಲಸ ಆಯ್ತು ಅಂತಲ್ಲ.